ಚಿಕಿತ್ಸೆ ಮುಗಿದ ತರುವಾಯ

ರೋಗವು ವಾಸಿಯಾಯಿತೆಂಬ ಮಾತಿಗೆ ನಮ್ಮ ಮನೆಗಳಲ್ಲಿ ಒಂದು ವಿಲಕ್ಷಣವಾದ ಅರ್ಥವುಂಟು. ಆ ಮಾತನ್ನು ಒಮ್ಮೆ ಆಡಿದ ಬಳಿಕ ರೋಗದ ಸುದ್ದಿಯನ್ನು ಯಾರೂ ಎತ್ತಕೂಡದು, ಎತ್ತಿದರೆ ಅಮಂಗಳ. ಜ್ವರವೋ ಕಾಮಾಲೆಯೋ ಆಗಿದ್ದ ಪಕ್ಷದಲ್ಲಿ ಈ ನಿಯಮದಿಂದ ಹೆಚ್ಚಿನ ಹಾನಿಯೇನೂ ಇಲ್ಲ. ಆದರೆ ಸ್ತನದ ಅರ್ಬುದರೋಗ, ಎಂದರೆ ಈಗ ಆಬಾಲವೃದ್ಧರೂ ಕ್ಯಾನ್ಸರ್ ಎಂದು ಕರೆಯುವ ರೋಗವು, ಈ ನಿಯಮಕ್ಕೆ ಒಳಪಡುವಂಥದಲ್ಲ. ಶಸ್ತ್ರಕ್ರಿಯೆ, ಕೀಮೋ ಔಷಧ, ಕಿರಣಚಿಕಿತ್ಸೆ ಇವೆಲ್ಲವೂ ಮುಗಿದ ದಿನದಿಂದಲೇ ಅದರಲ್ಲಿ ಇನ್ನೊಂದು ಬಗೆಯ ಕೆಲಸವು ಆರಂಭವಾಗುವುದು. ಆ ಕೆಲಸದ ಬಹುಭಾಗವು ಮನೆಯಲ್ಲಿ ನಡೆಯತಕ್ಕದ್ದು. ಈ ಸಂಗತಿಯನ್ನು ನಾವು ನಮ್ಮ ತಪ್ಪಿನಿಂದಲೇ ಅರಿತೆವು. ಅದನ್ನು ಇಲ್ಲಿ ಬರೆಯುವುದಕ್ಕೆ ನಮ್ಮ ಮನೆಯಾಕೆಯ ಅನುಮತಿಯುಂಟು. ಬರೆದುದನ್ನು ಆಕೆಗೆ ಓದಿ ಹೇಳಿದೆವು. ಮೂರು ವಾಕ್ಯಗಳನ್ನು ಹೊಡೆದುಹಾಕಿಸಿದಳು, ಉಳಿದುದು ಇರಲಿ ಎಂದಳು.

ಈ ರೋಗವು ಎಲ್ಲಿಯೋ ಒಬ್ಬರಿಗೆ ಬರುವುದೆಂದು ವಾಚಕರು ತಿಳಿಯಬಾರದು. ಭಾರತದ ಸ್ತ್ರೀಯರಲ್ಲಿ ಕಾಣುವ ಅರ್ಬುದಗಳಲ್ಲೆಲ್ಲಾ ಇದೇ ಮೊದಲನೆಯದು. 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1,92,000 ಮಂದಿಗೆ ಇದು ಹೊಸದಾಗಿ ತಲೆದೋರಿತೆಂದೂ ಸುಮಾರು 98,000 ಮಂದಿ ಇದರಿಂದ ತೀರಿಕೊಂಡರೆಂದೂ ಅಂತರರಾಷ್ಟ್ರೀಯ ಅಂದಾಜು ತಿಳಿಸುತ್ತದೆ. ಚಿಕಿತ್ಸೆ ಪಡೆದು ಮನೆಗೆ ಮರಳಿ, ಅಡಿಗೆ ಮಾಡಿಕೊಂಡು, ಮಕ್ಕಳ ಮದುವೆ ಮಾಡಿಕೊಂಡು ಬಾಳುತ್ತಿರುವವರು ಪ್ರತಿಯೊಂದು ಬೀದಿಯಲ್ಲಿಯೂ ಇದ್ದಾರೆ. ಅವರು ಯಾರೆಂಬುದು ನಮಗೆ ತಿಳಿಯದಿರುವುದಕ್ಕೆ ಕಾರಣವು ಮೇಲೆ ಹೇಳಿದ ನಿಯಮವೇ.

2021ರ ಜ್ಯೇಷ್ಠಮಾಸದಲ್ಲಿ ಸ್ನಾನಮಾಡುವಾಗ ನಮ್ಮ ಮನೆಯಾಕೆಯ ಕೈಗೆ ಎಡಗಡೆ ಒಂದು ಗಂಟು ಸಿಕ್ಕಿತು. ಆಗ ಆಕೆಗೆ 54 ವರ್ಷ. ಶಸ್ತ್ರಕ್ರಿಯೆಯಾಯಿತು, ಕಂಕುಳಿನ ಗ್ರಂಥಿಗಳನ್ನೂ ತೆಗೆದರು, ಆಮೇಲೆ ಕೀಮೋ, ಆಮೇಲೆ ಕಿರಣಚಿಕಿತ್ಸೆ. 2022ರ ಫೆಬ್ರವರಿಯಲ್ಲಿ ಎಲ್ಲವೂ ಮುಗಿಯಿತೆಂದು ಹೇಳಿ ಕಳುಹಿಸಿದರು. ದಿನಕ್ಕೊಂದರಂತೆ ಐದು ವರ್ಷ ನುಂಗಲು ಒಂದು ಮಾತ್ರೆಯನ್ನು ಬರೆದುಕೊಟ್ಟರು. ಕಡತವನ್ನು ತಂದು ನಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆವು. ಚೈತ್ರಮಾಸದಲ್ಲಿ ಸತ್ಯನಾರಾಯಣ ವ್ರತ ಮಾಡಿಸಿ, ಬಂಧುಗಳೆಲ್ಲ ಪಂಕ್ತಿಯಲ್ಲಿ ಕುಳಿತಿರುವಾಗ, ಆ ಅಧ್ಯಾಯವು ಸಮಾಪ್ತವಾಯಿತೆಂದು ನಾವೇ ಗಟ್ಟಿಯಾಗಿ ಹೇಳಿದೆವು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಅಧ್ಯಾಯಗಳನ್ನು ಮುಗಿಸಿಬಿಡುವ ಚಾಪಲ್ಯ ಹೆಚ್ಚು. ಆಕೆ ಬಡಿಸುತ್ತಿದ್ದಳು. ಏನೂ ಹೇಳಲಿಲ್ಲ.

2023ರ ದಸರೆಯ ರಜದಲ್ಲಿ, ಆಕೆ ಹೂವು ತರಲು ದೇವರಾಜ ಮಾರುಕಟ್ಟೆಗೆ ಹೋಗಿದ್ದಾಗ, ಸಹಾಯವಾಗಲೆಂದು ಬೊಂಬೆಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಬಿಚ್ಚಿದೆವು. ಪಟ್ಟದ ಬೊಂಬೆಗಳನ್ನು ಸುತ್ತಿದ್ದ ಹಳೆಯ ಸೀರೆಯ ಅಡಿಯಲ್ಲಿ ಮಾತ್ರೆಯ ಪಟ್ಟಿಗಳು ಇದ್ದವು. ಎಣಿಸಿದೆವು: ಹದಿನೈದು ಪಟ್ಟಿ, ಪಟ್ಟಿಗೆ ಹತ್ತು, ಒಟ್ಟು 150 ಮಾತ್ರೆ. ಪ್ರತಿ ತಿಂಗಳೂ ಮೊದಲನೆಯ ತಾರೀಖು ಔಷಧದಂಗಡಿಯಿಂದ ನಾವೇ ತಂದುಕೊಟ್ಟವು. ಐದು ತಿಂಗಳ ಮಾತ್ರೆ.

ಆಕೆ ಬಂದಮೇಲೆ, "ಇದೇನೇ ಇದು?" ಎಂದು ಕೇಳಿದೆವು. ಹೂವಿನ ಚೀಲವನ್ನು ಕೆಳಗಿಟ್ಟು, "ಬೆಳಗ್ಗೆ ಎದ್ದರೆ ಬೆರಳು ಮಡಿಸಲಿಕ್ಕೆ ಆಗುತ್ತಿರಲಿಲ್ಲ. ರಂಗೋಲಿ ಪುಡಿ ಹಿಡಿಯಲಿಕ್ಕೂ ಆಗುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ಬಿಟ್ಟಮೇಲೆ ಹಗುರವಾಯಿತು" ಎಂದಳು.

"ಒಂದು ಮಾತು ಹೇಳಬಾರದಾಗಿತ್ತೆ?"

"ಯಾರಿಗೆ ಹೇಳಲಿ? ನೀವೆಲ್ಲರೂ ಮುಗಿಯಿತು ಎಂದುಬಿಟ್ಟಿದ್ದಿರಿ."

ನಾವು ಸಂಸ್ಕೃತವನ್ನು ಓದಿದವರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ನಾಲ್ಕು ಗುಣಗಳು. ರೋಗಿಗೆ ಇರಬೇಕಾದ ಗುಣಗಳು ಸ್ಮೃತಿ, ನಿರ್ದೇಶಕಾರಿತ್ವ, ಅಭೀರುತ್ವ, ಜ್ಞಾಪಕತ್ವ. ಎಂದರೆ ಹೇಳಿದುದು ನೆನಪಿರುವುದು, ಹೇಳಿದಂತೆ ನಡೆಯುವುದು, ಹೆದರದಿರುವುದು, ತನಗಾಗುತ್ತಿರುವುದನ್ನು ತಿಳಿಯಹೇಳುವುದು. ಇದನ್ನು ತರಗತಿಯಲ್ಲಿ ಎಷ್ಟೋ ಸಲ ವಿವರಿಸಿದ್ದೆವು. ಎರಡನೆಯ ಗುಣವೇ ರೋಗಿಯ ಸರ್ವಸ್ವವೆಂದು ಅದುವರೆಗೆ ಭಾವಿಸಿದ್ದೆವು. ನಾಲ್ಕನೆಯದಕ್ಕೆ ಕೇಳುವವನೊಬ್ಬನು ಬೇಕೆಂಬುದು ಆ ದಿನ ಬೊಂಬೆಯ ಪೆಟ್ಟಿಗೆಯ ಮುಂದೆ ಕುಳಿತಾಗ ಹೊಳೆಯಿತು. ಪರಿಚಾರಕನ ಗುಣಗಳಲ್ಲಿ ಅನುರಾಗವನ್ನೂ ದಾಕ್ಷ್ಯವನ್ನೂ ಹೇಳಿದೆ. ಅನುರಾಗವು ನಮ್ಮಲ್ಲಿ ಇದ್ದಿತೆಂದು ಧೈರ್ಯವಾಗಿ ಹೇಳುವೆವು. ದಾಕ್ಷ್ಯದ ಮಾತನ್ನು ಬಿಡೋಣ.

ಈ ಮೌನವು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಇಂಗ್ಲೆಂಡಿನ ಕಾದಂಬರಿಕಾರ್ತಿ ಫ್ಯಾನಿ ಬರ್ನಿ ಎಂಬಾಕೆಗೆ 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನಲ್ಲಿ ಆಕೆಯ ಮನೆಯಲ್ಲಿಯೇ ಸ್ತನವನ್ನು ಛೇದಿಸಿ ತೆಗೆದರು. ಮೈಮರೆಸುವ ಔಷಧವು ಇನ್ನೂ ಬಳಕೆಗೆ ಬಂದಿರದ ಕಾಲವದು. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯನಾದ ಲಾರೇ ಎಂಬಾತನು ಅಲ್ಲಿದ್ದನು. ಆ ಸಂಗತಿಯನ್ನು ಆಕೆ ತನ್ನ ಅಕ್ಕನಿಗೆ ಕಾಗದ ಬರೆದು ತಿಳಿಸುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಬರೆದುದನ್ನು ಮತ್ತೊಮ್ಮೆ ಓದಿಕೊಳ್ಳುವ ಧೈರ್ಯವೂ ಆಕೆಗೆ ಬರಲಿಲ್ಲವಂತೆ. ಆಕೆ ಆಮೇಲೆ 28 ವರ್ಷಗಳ ಕಾಲ ಬಾಳಿ 1840ರಲ್ಲಿ, ತನ್ನ 87ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಮೆರಿಕದ ಅಧ್ಯಕ್ಷರ ಪತ್ನಿಯಾಗಿದ್ದ ಬೆಟ್ಟಿ ಫೋರ್ಡ್ ಅವರು 1974ರಲ್ಲಿ ತಮಗಾದ ಶಸ್ತ್ರಕ್ರಿಯೆಯನ್ನು ಮುಚ್ಚಿಡದೆ ಲೋಕಕ್ಕೆ ತಿಳಿಸಿದುದೇ ಒಂದು ದೊಡ್ಡ ಸುದ್ದಿಯಾಯಿತು. ಅದನ್ನು ಕೇಳಿ ಅಲ್ಲಿನ ಸ್ತ್ರೀಯರು ತಂಡತಂಡವಾಗಿ ಪರೀಕ್ಷೆಗೆ ಹೋದರು. ಅವರು 2011ರವರೆಗೂ ಬದುಕಿದ್ದರು.

ದಸರೆ ಕಳೆದ ವಾರದಲ್ಲಿಯೇ ಡಾಕ್ಟರಮ್ಮನವರ ಬಳಿಗೆ ಹೋದೆವು. ಅವರು ಗದರಿಸಲಿಲ್ಲ. ಬಹುಮಂದಿ ಹೀಗೆಯೇ ನಡುವೆ ನಿಲ್ಲಿಸಿಬಿಡುವರೆಂದೂ, ನಿಲ್ಲಿಸಿದವರಲ್ಲಿ ಬಂದು ಹೇಳುವವರು ಸ್ವಲ್ಪ ಜನವೆಂದೂ ಹೇಳಿ, ಮಾತ್ರೆಯ ತತ್ತ್ವವನ್ನು ವಿವರಿಸಿದರು. ಅದನ್ನು ವಾಚಕರೂ ತಿಳಿದಿರುವುದು ಒಳ್ಳೆಯದು.

ಈ ರೋಗದ ಗಂಟುಗಳಲ್ಲಿ ಹೆಚ್ಚಿನವು ಸ್ತ್ರೀಯರ ದೇಹದಲ್ಲಿ ಸಹಜವಾಗಿರುವ ಈಸ್ಟ್ರೋಜನ್ ಎಂಬ ರಸವನ್ನು ಆಹಾರದಂತೆ ಉಪಯೋಗಿಸಿಕೊಂಡು ಬೆಳೆಯುವುವು. ಕಡತದಲ್ಲಿ ಇ.ಆರ್., ಪಿ.ಆರ್. ಎಂದು ಬರೆದು ಪಾಸಿಟಿವ್ ಎಂದಿದ್ದರೆ ಆ ಜಾತಿಯದೆಂದು ತಿಳಿಯಬೇಕು. ಅಂಥವರಿಗೆ ಈ ಮಾತ್ರೆಯುಂಟು. ಉಳಿದವರಿಗೆ ಇದರಿಂದ ಪ್ರಯೋಜನವಿಲ್ಲ. ಆದ್ದರಿಂದ ಕಡತವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಫಲವಿಲ್ಲ. ಅದರಲ್ಲಿ ಏನಿದೆಯೆಂಬುದು ಯಾರ ಹೆಸರಿನಲ್ಲಿದೆಯೋ ಅವರಿಗೆ ಗೊತ್ತಿರಬೇಕು. ಮಾತ್ರೆಗಳಲ್ಲಿ ಎರಡು ಕುಲ. ಟ್ಯಾಮಾಕ್ಸಿಫೆನ್ ಎಂಬುದು ಹಳೆಯದು. ಅದನ್ನು 1962ರಲ್ಲಿ ಇಂಗ್ಲೆಂಡಿನಲ್ಲಿ ಗರ್ಭನಿರೋಧಕ್ಕೆಂದು ತಯಾರಿಸಿದರು. ಆ ಕೆಲಸಕ್ಕೆ ಅದು ಬರಲಿಲ್ಲ. ತೆಗೆದುಕೊಂಡವರಿಗೆ ಗರ್ಭಧಾರಣೆಗೇ ಅನುಕೂಲವಾಗುವಂತೆ ಕಂಡಿತು! ಅರ್ಬುದಕ್ಕೆ ಮಾತ್ರ ಅದು ದಿವ್ಯೌಷಧವಾಯಿತು. ಬೀಗದ ಕಂಡಿಯಲ್ಲಿ ಮುರಿದ ಬೀಗದಕೈ ಸಿಕ್ಕಿಕೊಂಡರೆ ಸರಿಯಾದ ಬೀಗದಕೈ ಒಳಗೆ ಹೋಗಲಾರದಷ್ಟೆ. ಹಾಗೆ ಅದು ಈಸ್ಟ್ರೋಜನ್ನಿನ ಸ್ಥಾನವನ್ನು ಆಕ್ರಮಿಸಿ ಕುಳಿತುಕೊಳ್ಳುವುದು. ಎರಡನೆಯ ಕುಲದಲ್ಲಿ ಲೆಟ್ರೋಝೋಲ್, ಅನಾಸ್ಟ್ರೋಝೋಲ್, ಎಕ್ಸಿಮೆಸ್ಟೇನ್ ಎಂದು ಮೂರು. ಮುಟ್ಟು ನಿಂತ ತರುವಾಯವೂ ದೇಹದ ಕೊಬ್ಬಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಹುಟ್ಟುತ್ತಿರುವ ಈಸ್ಟ್ರೋಜನ್ನನ್ನು ಹುಟ್ಟದಂತೆಯೇ ಇವು ತಡೆಯುವುವು. ನಮ್ಮ ಮನೆಯಾಕೆಗೆ ಕೊಟ್ಟಿದ್ದುದು ಲೆಟ್ರೋಝೋಲ್. ಕೀಲುನೋವು, ಬೆಳಗಿನ ಹೊತ್ತು ಬೆರಳು ಬಿಗಿಯುವುದು, ಮೈಯೆಲ್ಲ ಬಿಸಿಯೇರುವುದು, ಮೂಳೆ ಸವೆಯುವುದು ಇವು ಅದರ ಬಳುವಳಿಗಳು.

ಇಷ್ಟು ಕಷ್ಟಪಟ್ಟು ನುಂಗುವುದರಿಂದ ಲಾಭವೆಷ್ಟು ಎಂಬ ಪ್ರಶ್ನೆ ಸಹಜವಾದುದೇ. ಐದು ವರ್ಷ ಟ್ಯಾಮಾಕ್ಸಿಫೆನ್ ತೆಗೆದುಕೊಂಡವರಲ್ಲಿ, ಮೊದಲ ಹದಿನೈದು ವರ್ಷಗಳ ಅವಧಿಯಲ್ಲಿ ಈ ರೋಗದಿಂದಾಗುವ ಮರಣಗಳು ಸುಮಾರು ಮೂರರಲ್ಲೊಂದು ಪಾಲು ಕಡಮೆಯಾಗುವುವು. ಮಾತ್ರೆ ನಿಲ್ಲಿಸಿದ ಮೇಲೂ ಆ ರಕ್ಷಣೆಯು ಬಹುಕಾಲ ಉಳಿಯುವುದು. ಮುಟ್ಟು ನಿಂತವರಿಗೆ ಎರಡನೆಯ ಕುಲದವು ಇನ್ನೂ ಸ್ವಲ್ಪ ಮೇಲೆಂದು ಕಂಡುಬಂದಿದೆ. ದಿನಕ್ಕೊಂದು ಸಣ್ಣ ಮಾತ್ರೆಯಿಂದ ಇಷ್ಟು ಫಲವೆಂದು ನಾವು ತಿಳಿದಿರಲಿಲ್ಲ. ಕೀಮೋ ನಡೆದಾಗ ಮನೆಮಂದಿಯೆಲ್ಲ ಹಾಸಿಗೆಯ ಸುತ್ತ ನಿಂತಿದ್ದೆವು. ಮಾತ್ರೆಯನ್ನು ಮಾತ್ರ ಆಕೆ ಒಬ್ಬಳೇ ನೀರು ಕುಡಿದು ನುಂಗುತ್ತಿದ್ದಳು.

ಡಾಕ್ಟರಮ್ಮನವರು ಆಮೇಲೆ ಆಕೆಯ ಕಡೆಗೇ ತಿರುಗಿ, "ನಿಮಗೆ ಏನು ಮಾಡಲಿಕ್ಕೆ ಆಗಬೇಕು, ಹೇಳಿ" ಎಂದರು. ನಾವು ಉತ್ತರ ಕೊಡಲು ಬಾಯಿ ತೆರೆದೆವು. ಅವರು ನಮ್ಮ ಕಡೆ ನೋಡಲಿಲ್ಲ. "ದಿನಾ ಬೆಳಗ್ಗೆ ರಂಗೋಲಿ ಹಾಕಬೇಕು. ಆಷಾಢ ಶುಕ್ರವಾರ ಬೆಟ್ಟದ ಮೆಟ್ಟಿಲು ಹತ್ತಬೇಕು. ಪೂರ್ತಿ ಆಗದಿದ್ದರೆ ನಂದಿಯವರೆಗಾದರೂ" ಎಂದಳು. ಇದು ಆಕೆಯ ಮನಸ್ಸಿನಲ್ಲಿ ಇದ್ದಿತೆಂದು ನಮಗೆ ಅದುವರೆಗೆ ಗೊತ್ತಿರಲಿಲ್ಲ.

ದಾರಿಗಳು ಹಲವಿದ್ದವು. ಅದೇ ಕುಲದ ಬೇರೊಂದು ಮಾತ್ರೆಗೆ ಬದಲಾಯಿಸುವುದು ಒಂದು. ಒಂದಕ್ಕೆ ನೋಯುವ ಕೀಲು ಇನ್ನೊಂದಕ್ಕೆ ನೋಯದಿರುವುದುಂಟು. ಟ್ಯಾಮಾಕ್ಸಿಫೆನ್ನಿಗೆ ಹೋಗುವುದು ಇನ್ನೊಂದು; ಅದರಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಗರ್ಭಕೋಶದ ಒಳಪೊರೆಯ ತೊಂದರೆಯೂ ಸ್ವಲ್ಪಮಟ್ಟಿಗೆ ಉಂಟು. ಮೂರನೆಯದು ವ್ಯಾಯಾಮ. ನೋಯುವ ಕೀಲಿಗೆ ವಿಶ್ರಾಂತಿಯೇ ಮದ್ದೆಂದು ನಾವು ನಂಬಿದ್ದೆವು. ಆದರೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇದೇ ಮಾತ್ರೆಗಳಿಂದ ಕೀಲುನೋವು ಬಂದ 121 ಸ್ತ್ರೀಯರನ್ನು ಒಂದು ವರ್ಷ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವೇಗವಾಗಿ ನಡೆಯುವ ಮತ್ತು ಭಾರ ಎತ್ತುವ ಅಭ್ಯಾಸ ಮಾಡಿದವರಿಗೆ ನೋವು ನೂರಕ್ಕೆ 29ರಷ್ಟು ತಗ್ಗಿತೆಂದು ಇದೆ. ಮೂಳೆಯ ಸಾಂದ್ರತೆಯನ್ನು ಪರೀಕ್ಷಿಸಿ ಸುಣ್ಣಾಂಶದ ಮಾತ್ರೆಯನ್ನೂ ವಿಟಮಿನ್ ಡಿಯನ್ನೂ ಕೊಟ್ಟರು. ಏನೂ ಬೇಡ, ಮಾತ್ರೆಯನ್ನು ಪೂರ್ತಿಯಾಗಿ ಬಿಟ್ಟುಬಿಡುವೆನೆಂಬುದೂ ಒಂದು ದಾರಿಯೇ. ಲಾಭನಷ್ಟಗಳನ್ನು ತಿಳಿದು ಹಾಗೆ ನಿರ್ಧರಿಸುವವರ ಮೇಲೆ ತಮಗೆ ಕೋಪವಿಲ್ಲವೆಂದು ಡಾಕ್ಟರಮ್ಮನವರು ಹೇಳಿದಾಗ ನಮಗೆ ಎದೆ ಧಸಕ್ಕೆಂದಿತು. ಆಕೆ ಎರಡು ದಿನ ಯೋಚಿಸಿದಳು. ಮೂರನೆಯ ದಿನ, ಮಾತ್ರೆಯನ್ನು ಬದಲಾಯಿಸಿ ಮೂರು ತಿಂಗಳು ನೋಡುತ್ತೇನೆ, ಆಗದಿದ್ದರೆ ಹೋಗಿ ಹೇಳುತ್ತೇನೆ, ಬಚ್ಚಿಡುವುದಿಲ್ಲ ಎಂದಳು. ಅಂದಿನಿಂದ ನಾವಿಬ್ಬರೂ ಬೆಳಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೇವೆ. ನೋವು ಪೂರ್ತಿ ಹೋಗಿಲ್ಲ. ರಂಗೋಲಿ ಹಾಕುವಷ್ಟು ಇಳಿದಿದೆ.

ಇನ್ನು ಪರೀಕ್ಷೆಗಳ ವಿಚಾರ. ಬೆಂಗಳೂರಿನಲ್ಲಿರುವ ನಮ್ಮ ಅಣ್ಣನ ಮಗನು ವಿದ್ಯಾವಂತ, ಪ್ರೀತಿಯುಳ್ಳವನು. ಚಿಕ್ಕಮ್ಮನಿಗೆ ಆರು ತಿಂಗಳಿಗೊಮ್ಮೆ ಮೈಯೆಲ್ಲದರ ಸ್ಕ್ಯಾನ್ ಆಗಲೇಬೇಕು, ಖರ್ಚು ತನ್ನದು ಎಂದು ಹಟ ಹಿಡಿದನು. ಇಟಲಿಯಲ್ಲಿ 1,320 ಸ್ತ್ರೀಯರನ್ನು ಎರಡು ಗುಂಪಾಗಿ ವಿಂಗಡಿಸಿ, ಒಂದು ಗುಂಪಿಗೆ ಕಾಲಕಾಲಕ್ಕೆ ಮೂಳೆಯ ಸ್ಕ್ಯಾನ್, ಎದೆಯ ಕ್ಷಕಿರಣ, ರಕ್ತಪರೀಕ್ಷೆ ಮೊದಲಾದುವೆಲ್ಲವನ್ನೂ ಮಾಡಿ, ಇನ್ನೊಂದು ಗುಂಪಿಗೆ ಡಾಕ್ಟರ ತಪಾಸಣೆಯನ್ನೂ ಮ್ಯಾಮೋಗ್ರಾಂ ಚಿತ್ರವನ್ನೂ ಮಾತ್ರ ಇಟ್ಟು ನೋಡಿದರು. ಬದುಕಿ ಉಳಿದವರ ಸಂಖ್ಯೆಯಲ್ಲಿ ಭೇದ ಕಾಣಲಿಲ್ಲವೆಂದು 1994ರಲ್ಲಿ ಪ್ರಕಟವಾಯಿತು. ಬಾಧೆಯೇನೂ ಇಲ್ಲದವರಿಗೆ ಅಂಥ ಸ್ಕ್ಯಾನುಗಳು ಬೇಡವೆಂದೇ 2015ರಲ್ಲಿ ಅಮೆರಿಕದ ಅರ್ಬುದ ಸಂಸ್ಥೆಗಳು ಹೊರಡಿಸಿದ ಸೂಚನೆಗಳಲ್ಲಿಯೂ ಹೇಳಿದೆ. ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಆಮೇಲೆರಡು ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೊಮ್ಮೆ ತಪಾಸಣೆ; ಉಳಿದಿರುವ ಸ್ತನಕ್ಕೆ ವರ್ಷಕ್ಕೊಂದು ಮ್ಯಾಮೋಗ್ರಾಂ. ಆದರೆ ಹೊಸ ಗಂಟು, ಬಿಡದ ಮೂಳೆನೋವು, ಕೆಮ್ಮು, ಏದುಸಿರು, ಕಾರಣವಿಲ್ಲದೆ ಮೈ ಇಳಿಯುವುದು ಇವು ಕಂಡರೆ ಮುಂದಿನ ತಪಾಸಣೆಯ ತಾರೀಖಿಗೆ ಕಾಯದೆ ಹೋಗಬೇಕು. ಹುಡುಗನಿಗೆ ಇಷ್ಟನ್ನೂ ತಿಳಿಸಿದುದು ಆಕೆಯೇ, ದೂರವಾಣಿಯಲ್ಲಿ. ಸ್ಕ್ಯಾನಿನ ಹಣದಲ್ಲಿ ತನಗೆ ನಡೆಯುವ ಬೂಟು ಕೊಡಿಸು ಎಂದಳು. ಕೊಡಿಸಿದನು.

ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಆ ಕಡೆಯ ತೋಳಿನಲ್ಲಿ ನೀರು ನಿಂತು ಊದಿಕೊಳ್ಳುವುದುಂಟು. ನಮ್ಮ ಮನೆಯಾಕೆಯ ಎಡತೋಳು ಸ್ವಲ್ಪ ಊದಿಕೊಂಡಿದೆ. ಒಂದು ಗೌರಿಹಬ್ಬದಲ್ಲಿ ಬಳೆಗಾರನು ಬಲಗೈಯ ಅಳತೆಯ ಬಳೆಯನ್ನೇ ಎಡಗೈಗೂ ಏರಿಸಿದನು. ಸಾಯಂಕಾಲದ ಹೊತ್ತಿಗೆ ಮಣಿಕಟ್ಟು ಬಿಗಿದು, ಹಬ್ಬದ ದಿನವೇ ಬಳೆ ಒಡೆಯಬೇಕಾಗಿ ಬಂದಿತು. ನಮ್ಮ ಅತ್ತಿಗೆಯವರು ಒಡೆಯುವುದು ಬೇಡವೆಂದು ಕಣ್ಣೀರಿಟ್ಟರು. ಈಗ ಎಡಗೈಗೆ ಒಂದಳತೆ ದೊಡ್ಡ ಬಳೆ, ಅದೂ ಸಡಿಲವಾಗಿ ಎರಡೇ. ಆ ಕೈಗೆ ಮುಳ್ಳು ಚುಚ್ಚಿದರೆ, ಸುಟ್ಟರೆ, ಕೂಡಲೇ ತೊಳೆದು ಔಷಧ ಹಚ್ಚುವುದು. ಕೆಂಪಾಗಿ ಜ್ವರ ಬಂದರೆ ಅದೇ ದಿನ ಡಾಕ್ಟರ ಬಳಿಗೆ ಓಡುವುದು. ಭಾರ ಎತ್ತಲೇಬಾರದೆಂಬ ಹಳೆಯ ವಿಧಿಯು ಮಾತ್ರ ಈಗ ಉಳಿದಿಲ್ಲ. ಕೆನಡಾ ದೇಶದ ವ್ಯಾಂಕೂವರಿನಲ್ಲಿ ಡಾನ್ ಮೆಕೆನ್ಜೀ ಎಂಬ ವೈದ್ಯರು 1996ರಲ್ಲಿ ಈ ರೋಗವನ್ನು ದಾಟಿದ 24 ಸ್ತ್ರೀಯರನ್ನು ಕಲೆಹಾಕಿ ಉದ್ದ ದೋಣಿಯಲ್ಲಿ ಕೂರಿಸಿ ಹುಟ್ಟು ಹಾಕಿಸಿದರು, ತೋಳುಗಳು ಕೆಡಲಿಲ್ಲ. ಊದಿದ ತೋಳುಳ್ಳ 141 ಮಂದಿಯ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿಯೂ, ಬಿಗಿಯಾದ ತೋಳುಗವಸು ತೊಟ್ಟು ಸ್ವಲ್ಪ ಸ್ವಲ್ಪವಾಗಿ ಭಾರ ಎತ್ತುವುದನ್ನು ರೂಢಿಸಿಕೊಂಡವರಿಗೆ ಊತ ಹೆಚ್ಚಲಿಲ್ಲ. ಉಲ್ಬಣಿಸುವುದು ಕಡಮೆಯೇ ಆಯಿತು. ಹಾಗೆಂದು ಇದ್ದಕ್ಕಿದ್ದಂತೆ ತುಂಬಿದ ಕೊಡವನ್ನೆತ್ತಬಾರದು. ಅರ್ಧಸೇರಿನಿಂದ ಮೊದಲುಮಾಡಬೇಕು.

ಪಥ್ಯದ ವಿಚಾರದಲ್ಲಿ ಬಂಧುಗಳ ಉಪದೇಶಕ್ಕೆ ಮೇರೆಯಿಲ್ಲ. ಒಬ್ಬರು ಹಾಲನ್ನು ಬಿಡಿಸಿದರು, ಇನ್ನೊಬ್ಬರು ಹಾಲನ್ನೇ ಕುಡಿಯೆಂದರು; ಬದನೆಕಾಯಿಯನ್ನು ಎಲ್ಲರೂ ಸೇರಿ ಬಿಡಿಸಿದರು, ಅದರ ಅಪರಾಧವೇನೋ ತಿಳಿಯದು. ಡಾಕ್ಟರಮ್ಮನವರು ಹೇಳಿದುದು ಇಷ್ಟೆ: ಮನೆಯ ಊಟ, ಸೊಪ್ಪು, ಕಾಳು, ಹಣ್ಣು, ಮೈತೂಕ ಏರದಂತೆ ನೋಡಿಕೊಳ್ಳುವುದು, ಕೊಬ್ಬಿನಲ್ಲಿಯೇ ಈಸ್ಟ್ರೋಜನ್ ಹುಟ್ಟುವುದಷ್ಟೆ, ವಾರಕ್ಕೆ 150 ನಿಮಿಷಗಳಾದರೂ ಬಿರುಸಾದ ನಡಿಗೆ. ಆಯುರ್ವೇದದಲ್ಲಿ ನಮಗೆ ಗೌರವವಿರುವುದರಿಂದಲೇ ಇದನ್ನು ಹೇಳುತ್ತೇವೆ: ಕಷಾಯ, ಲೇಹ್ಯ, ಭಸ್ಮ ಏನನ್ನು ಸೇವಿಸಬೇಕಾದರೂ ಮೊದಲು ಡಾಕ್ಟರಿಗೆ ತಿಳಿಸಬೇಕು. ಒಂದು ಔಷಧವು ಇನ್ನೊಂದರ ಕೆಲಸವನ್ನು ಕೆಡಿಸಬಲ್ಲುದು.

ಉಡುಪಿನ ವಿಷಯವನ್ನು ಪುರುಷನಾದವನು ಬರೆಯುವುದು ಸಂಕೋಚವೇ ಸರಿ. ಆದರೆ ಆಕೆಯೇ ಬರೆಯಿರಿ ಎಂದಳು. ಹೊಸದಾಗಿ ಸ್ತನವನ್ನು ನಿರ್ಮಿಸುವ ಶಸ್ತ್ರಕ್ರಿಯೆಯುಂಟು. ಸಿಲಿಕೋನಿನ ಕೃತಕ ಸ್ತನವುಂಟು. ಹತ್ತಿಯ ದಾರದಿಂದ ಹೆಣೆದ ಹಗುರವಾದುದನ್ನು ಕೆಲವು ಮಹಿಳಾಸಂಘದವರು ಧರ್ಮಾರ್ಥವಾಗಿ ಕೊಡುವುದೂ ಉಂಟು. ಏನೂ ಇಲ್ಲದೆ ಇರುವವರೂ ಇದ್ದಾರೆ. ಆಕೆ ಹತ್ತಿಯದನ್ನು ಆರಿಸಿಕೊಂಡಳು. ಮನೆಯಲ್ಲಿ ಅದೂ ಇಲ್ಲ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಆಕೆ ಕೇಳಲಿಲ್ಲ, ನಾವೂ ಕೊಡಲಿಲ್ಲ.

ಎಲ್ಲಕ್ಕಿಂತ ಕಠಿಣವಾಗಿದ್ದುದು ಮಗಳ ವಿಚಾರ. ನೂರರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಈ ರೋಗವು ವಂಶದಿಂದ ಬರುವುದು. ಬಿಆರ್‌ಸಿಎ ಎಂಬ ಎರಡು ವಂಶವಾಹಿಗಳು ಅದರಲ್ಲಿ ಮುಖ್ಯವಾದುವು. ದೋಷವಿದ್ದರೆ ಅದು ಮಕ್ಕಳಿಗೆ ಬರುವ ಸಂಭವವು ಅರ್ಧಕ್ಕರ್ಧ, ತಂದೆಯ ಕಡೆಯಿಂದಲೂ ಬರಬಹುದು. ಡಾಕ್ಟರಮ್ಮನವರು ವಂಶದ ಚರಿತ್ರೆ ಕೇಳಿದಾಗ, ಆಕೆಯ ಸೋದರತ್ತೆಯೊಬ್ಬರು ನಲವತ್ತು ತುಂಬುವ ಮೊದಲೇ "ಎದೆಯ ಹುಣ್ಣಿ"ನಿಂದ ಹೋದರೆಂಬುದು ಹೊರಬಿದ್ದಿತು. ಆ ಹುಣ್ಣಿಗೆ ಮನೆಯಲ್ಲಿ ಯಾರೂ ಹೆಸರಿಟ್ಟಿರಲಿಲ್ಲ. ಮೊದಲು ರೋಗ ಬಂದವರನ್ನು ಪರೀಕ್ಷಿಸುವುದು ಕ್ರಮವಾದ್ದರಿಂದ ಆಕೆಯ ರಕ್ತವನ್ನು ಕೊಟ್ಟೆವು. ಆರು ವಾರ ಕಾಯ್ದೆವು. ದೋಷ ಕಾಣಲಿಲ್ಲ. ಆ ಆರು ವಾರಗಳ ಬಗೆಗೆ ನಾವು ಬರೆದಿದ್ದುದೇ ಆಕೆ ಹೊಡೆದುಹಾಕಿಸಿದ ವಾಕ್ಯಗಳು.

ಅದೇ ಸಮಯಕ್ಕೆ ಮಗಳಿಗೆ ಸಂಬಂಧಗಳು ಬರುತ್ತಿದ್ದವು. ಅಕ್ಷತೆ ಬೀಳುವವರೆಗೆ ಬಾಯಿ ಬಿಡಬೇಡಿರೆಂದು ಅತ್ತಿಗೆಯವರು ಕೈಮುಗಿದು ಬೇಡಿದರು. ಆಕೆ ಒಪ್ಪಲಿಲ್ಲ. ಬಂದ ಬೀಗಿತಿಯರಿಗೆ ಕಾಫಿ ಕೊಟ್ಟು, ತನಗೆ ಏನಾಗಿತ್ತು, ಏನು ಪರೀಕ್ಷೆಯಾಯಿತು, ಈಗ ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ತಾನೇ ಹೇಳಿದಳು. ಮೊದಲನೆಯ ಸಂಬಂಧವು ತಪ್ಪಿತು. ಇದೇ ಕಾರಣವೆಂದು ಹೇಳಲಾರೆವು. ಜಾತಕ ಕೂಡಲಿಲ್ಲವೆಂದು ತಿಳಿಸಿದರು. ಹದಿನೈದು ದಿನಗಳ ಹಿಂದೆ ಅದೇ ಜಾತಕವು ಚೆನ್ನಾಗಿ ಕೂಡಿತ್ತು. ಎರಡನೆಯ ಮನೆಯವರು ಕೇಳಿ ಸುಮ್ಮನಿದ್ದು, ಮಾರನೆಯ ವಾರ ತಾಂಬೂಲಕ್ಕೆ ದಿನ ಗೊತ್ತುಮಾಡಿದರು. 2025ರ ಫಾಲ್ಗುಣದಲ್ಲಿ ಮದುವೆಯಾಯಿತು.

ಆಷಾಢದಲ್ಲಿ ಆಕೆ ನಂದಿಯವರೆಗೆ ಹತ್ತಿದಳು. ನಾವು ಅರ್ಧದಲ್ಲಿಯೇ ಕುಳಿತೆವು.

2027ಕ್ಕೆ ಐದು ವರ್ಷ ತುಂಬುವುದು. ಬಿಟ್ಟ ಐದು ತಿಂಗಳನ್ನು ಸೇರಿಸಿಕೊಂಡರೆ ಇನ್ನಷ್ಟು ಮುಂದೆ. ಅಲ್ಲಿ ಮತ್ತೊಂದು ನಿರ್ಧಾರವು ಕಾದಿದೆ. ಟ್ಯಾಮಾಕ್ಸಿಫೆನ್ನನ್ನು ಐದಕ್ಕೆ ಬದಲು ಹತ್ತು ವರ್ಷ ತೆಗೆದುಕೊಳ್ಳುವುದು ಹೆಚ್ಚು ರಕ್ಷಣೆಯೆಂದು 2012ರಲ್ಲಿ ಕಂಡುಕೊಂಡರು. ಆಕೆ ನುಂಗುವ ಕುಲದ ಮಾತ್ರೆಯಲ್ಲಿ, ಐದು ವರ್ಷದ ಮೇಲೆ ಇನ್ನೆರಡು ವರ್ಷ ಸಾಕು, ಇನ್ನೈದು ವರ್ಷ ನುಂಗಿದರೂ ಅದಕ್ಕಿಂತ ಫಲ ಹೆಚ್ಚದು, ಮೂಳೆ ಮುರಿಯುವುದು ಮಾತ್ರ ಹೆಚ್ಚುವುದು ಎಂದು 2021ರಲ್ಲಿ ಆಸ್ಟ್ರಿಯಾ ದೇಶದ ವರದಿ. ಯಾರಿಗೆ ಐದಕ್ಕೇ ನಿಲ್ಲಿಸಬಹುದು, ಯಾರಿಗೆ ಮುಂದುವರಿಸಬೇಕು ಎಂಬುದು ಗಂಟಿನ ಗಾತ್ರ, ಕಂಕುಳಿನ ಗ್ರಂಥಿಗಳ ಸ್ಥಿತಿ, ಮೂಳೆಯ ಬಲ ಇವುಗಳನ್ನು ನೋಡಿ ಹೇಳತಕ್ಕದ್ದು. ಏನು ಮಾಡುವೆಯೆಂದು ಈ ಲೇಖನವನ್ನು ಮುಗಿಸುವ ಮುನ್ನ ಆಕೆಯನ್ನು ಕೇಳಿದೆವು.

"ಆಗ ಹೇಳುತ್ತೇನೆ. ನೀವು ಈಗಲೇ ಬರೆದುಬಿಡಬೇಡಿ" ಎಂದಳು. ಕಡತವು ಈಗ ಆಕೆಯ ಬೀರುವಿನಲ್ಲಿದೆ.